ಕಪ್ಪು ಸಾರಿನ ನಾಲ್ಕು ನಿಮಿಷ

"ಫೋನನ್ನ ಬಾಣಲೆ ಹತ್ತಿರ ಹಿಡೀರಿ ತಾಯಿ," ಎನ್ನುತ್ತಿದ್ದರು ಬುದೆ ವಾರ್ತಿನಿ. ಸಿದೋಆರ್ಜೋದಲ್ಲೋ ಗ್ರೆಸಿಕ್‌ನಲ್ಲೋ ತನ್ನ ಅಡುಗೆಮನೆಯಲ್ಲಿ ನಿಂತ ಹೆಂಗಸು ಹುರಿಯುತ್ತಿರುವ ಮಸಾಲೆಯ ಮೇಲೆ ಫೋನು ಹಿಡಿಯುತ್ತಿದ್ದಳು. ಸ್ಟುಡಿಯೋ ತುಂಬ ಚಟಪಟ ಸದ್ದು. ಬುದೆ ತಲೆ ಓರೆ ಮಾಡಿ ಎರಡು ಕ್ಷಣ ಕೇಳಿ, ಇನ್ನೂ ನೀರಿದೆ, ಸದ್ದು ಸಣ್ಣಗಾಗುವ ತನಕ ಕೈಯಾಡಿಸುವುದನ್ನು ಬಿಡಬೇಡಿ ಎನ್ನುತ್ತಿದ್ದರು. ಐದು ನಿಮಿಷದ ನಂತರ ಅದೇ ಹೆಂಗಸು ಮತ್ತೆ ಫೋನು ಮಾಡಿ, ನೀವು ಹೇಳಿದ ಹಾಗೇ ಎಣ್ಣೆ ಬಿಟ್ಟುಕೊಂಡಿತು ಎಂದು ಹೇಳುತ್ತಿದ್ದಳು. ಹತ್ತೊಂಬತ್ತು ವರ್ಷ ಟೀವಿಯಲ್ಲಿ ಅವರ ಅಡುಗೆಯ ನೇರಪ್ರಸಾರ ಹೀಗೇ ನಡೆದಿತ್ತು. ದೊಡ್ಡಮ್ಮನನ್ನು ನಮ್ಮಲ್ಲಿ ಬುದೆ ಎನ್ನುತ್ತಾರೆ. ಸುರಬಾಯಾದಲ್ಲಿ ಅವರಿಗಿಂತ ಹಿರಿಯರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು.

ನಾನು ನಿಂಗ್ರುಮ್. ಮಲಾಂಗ್‌ನ ಕಾಲೇಜಿನಲ್ಲಿ ಆಹಾರ ವಿಜ್ಞಾನ ಓದಿ, ಒಂದು ಬಿಸ್ಕತ್ತಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂರು ವರ್ಷ ತೇವಾಂಶ ಅಳೆದು, ಬೇಸತ್ತು ಈ ವಾಹಿನಿಗೆ ಬಂದವಳು. ಪದಾರ್ಥಗಳನ್ನು ತೂಗಿಡುವುದು, ಪ್ರತಿ ಅಡುಗೆಯನ್ನೂ ಮೊದಲೇ ಎರಡು ಸಲ ಮಾಡಿ ನೋಡುವುದು, ಪ್ರಸಾರದ ಹೊತ್ತಿನಲ್ಲಿ ಎರಡನೆಯ ಕ್ಯಾಮೆರಾದ ಪಕ್ಕ ನಿಂತು ಬುದೆಗೆ ಬೇಕಾದ್ದನ್ನು ಒದಗಿಸುವುದು ನನ್ನ ಕೆಲಸ.

ಹೋದ ವರ್ಷ ಊರಿಗೆಲ್ಲ ಬಂದ ಜ್ವರ ಬುದೆಗೂ ಬಂತು. ಮೂರು ವಾರದ ಮೇಲೆ ಕೆಲಸಕ್ಕೆ ಮರಳಿದರು, ಸ್ವಲ್ಪ ಇಳಿದಿದ್ದರು, ಅಷ್ಟೇ. ಆ ವಾರವೇ ಒಂದು ದಿನ ಅವರ ಬೆನ್ನ ಹಿಂದಿನ ಒಲೆಯಲ್ಲಿ ಹುದುಗು ಬರಿಸಿದ ಸೀಗಡಿಯ ಉಂಡೆ ಹೊತ್ತಿ ಕರಕಲಾಯಿತು. ಆ ನಾತ ಗೊತ್ತಿದ್ದವರಿಗೆ ಗೊತ್ತು. ಕ್ಯಾಮೆರಾದವರೆಲ್ಲ ಅಂಗಿಯ ಕಾಲರನ್ನು ಮೂಗಿಗೆ ಎಳೆದುಕೊಂಡರು. ಬುದೆ ಮಾತ್ರ ಫೋನಿನಲ್ಲಿದ್ದ ಹೆಂಗಸಿನ ಜೊತೆ ನಗುನಗುತ್ತಾ ಮಾತಾಡುತ್ತಲೇ ಇದ್ದರು.

ಮರುದಿನ ಪ್ರಸಾರ ಮುಗಿದ ಮೇಲೆ ನಾನು ಐದು ಲೋಟಗಳಿಗೆ ನಂಬರು ಹಾಕಿ ಅವರ ಮುಂದೆ ಇಟ್ಟೆ. ಬರೀ ನೀರು, ಉಪ್ಪು, ಸಕ್ಕರೆ, ನಿಂಬೆ, ಕೊನೆಯದರಲ್ಲಿ ಪಪ್ಪಾಯಿ ಎಲೆಯ ಕಡುಕಹಿ ರಸ. ಹೊಸ ಪಾನಕದ ಪ್ರಯೋಗ, ರುಚಿ ನೋಡಿ ಹೇಳಿ ಎಂದೆ. ಉಪ್ಪಿನದಕ್ಕೆ ತುಸು ತಡೆದರು. ಪಪ್ಪಾಯಿ ಎಲೆಯ ರಸವನ್ನು ತಳ ಕಾಣುವವರೆಗೆ ಕುಡಿದು, ಚೆನ್ನಾಗಿದೆ ಎಂದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ನನ್ನ ಮುಖ ನೋಡಿದರು.

"ಪರೀಕ್ಷೆ ಮಾಡಿದ್ಯಾ ರುಮ್?"

ನಾನು ಲೋಟಗಳನ್ನು ಜೋಡಿಸತೊಡಗಿದೆ.

"ಬಗ್ಯೋಗೆ ಹೇಳ್ತೀಯಾ?"

ಹೇಳುವುದಿಲ್ಲ ಎಂದೆ. ಬಗ್ಯೋ ನಮ್ಮ ಕಾರ್ಯಕ್ರಮದ ನಿರ್ಮಾಪಕ. ಮನುಷ್ಯ ಕೆಟ್ಟವನಲ್ಲ, ಆದರೆ ಎರಡು ವರ್ಷದಿಂದ ಅವನ ತಲೆಯಲ್ಲಿ ಒಂದು ಜೋಡಿ ಕೂತಿತ್ತು: ಫೋನಿನಲ್ಲಿ ಅಡುಗೆಯ ವಿಡಿಯೊ ಮಾಡಿ ಹೆಸರಾದ ಗಂಡ-ಹೆಂಡತಿ. ಬುದೆಯ ಜಾಗಕ್ಕೆ ಅವರನ್ನು ತರಲು ಅವನಿಗೆ ಒಂದು ಕಾರಣ ಸಿಕ್ಕಿರಲಿಲ್ಲ, ಅಷ್ಟೇ. ರುಚಿ ಗೊತ್ತಾಗದ ಅಡುಗೆಯವಳು ಎನ್ನುವುದಕ್ಕಿಂತ ದೊಡ್ಡ ಕಾರಣ ಬೇಕೆ? ಬುದೆಗೆ ಈ ಕಾರ್ಯಕ್ರಮ ಬಿಟ್ಟರೆ ಬೇರೆ ದಿನಚರಿ ಇರಲಿಲ್ಲ. ಗಂಡ ತೀರಿಕೊಂಡ ಮೂರನೆಯ ದಿನಕ್ಕೂ ಅವರು ಕ್ಯಾಮೆರಾದ ಮುಂದೆ ನಿಂತಿದ್ದರು. ಮನೆಯಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ, ಇಲ್ಲಿ ಜನ ಪ್ರಶ್ನೆ ಕೇಳುತ್ತಾರೆ ಎಂದಿದ್ದರು ಆಗ.

ಹಾಗಾಗಿ ನಾವಿಬ್ಬರೂ ಒಂದು ಏರ್ಪಾಡು ಮಾಡಿಕೊಂಡೆವು. ಜಾಹೀರಾತಿನ ಬಿಡುವಿನಲ್ಲಿ ನಾನು ಸಾರಿನ ರುಚಿ ನೋಡುತ್ತಿದ್ದೆ. ಪೆನ್ನು ನನ್ನ ಕಿವಿಯ ಮೇಲಿದ್ದರೆ ಎಲ್ಲ ಸರಿ ಎಂದು ಅರ್ಥ. ಕೈಯಲ್ಲಿದ್ದರೆ ಏನೋ ತಪ್ಪಿದೆ, ನಿಲ್ಲಿಸಿ. ಬುದೆ ಚಮಚ ಬಾಯಿಗಿಟ್ಟು, ಕಣ್ಣು ಎತ್ತಿ ನನ್ನ ಕಿವಿ ನೋಡಿ, "ಆಹಾ, ಹದವಾಗಿದೆ," ಎನ್ನುತ್ತಿದ್ದರು. ಹದಿನಾಲ್ಕು ತಿಂಗಳು ಯಾರಿಗೂ ಅನುಮಾನ ಬರಲಿಲ್ಲ. ಈ ಏರ್ಪಾಡಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ಬರೆದಿಡುವುದು ಪ್ರಾಮಾಣಿಕತೆ.

ರಂಜಾನ್ ತಿಂಗಳಲ್ಲಿ ನಮ್ಮ ಪ್ರಸಾರ ಸಂಜೆ ನಾಲ್ಕೂವರೆಗೆ ಶುರು. ಸಾಮಾನಿನ ಪಟ್ಟಿಯನ್ನು ಹಿಂದಿನ ದಿನವೇ ಹೇಳಿರುತ್ತೇವೆ. ಜನ ಟೀವಿಯನ್ನು ಅಡುಗೆಮನೆಯ ಬಾಗಿಲಿಗೆ ತಿರುಗಿಸಿಕೊಂಡು ಬುದೆಯ ಜೊತೆ ಜೊತೆಗೇ ಮಾಡುತ್ತಾರೆ. ಸೂರ್ಯ ಮುಳುಗಿ ಮಗ್ರಿಬ್ ಆಜಾನ್ ಕೂಗಿದಾಗ ಪ್ರಸಾರ ನಿಂತು, ಪ್ರಾರ್ಥನೆಯ ಕರೆ ಮುಗಿದ ಮೇಲೆ ಇಪ್ಪತ್ತು ನಿಮಿಷ ಮತ್ತೆ ನಡೆಯುತ್ತದೆ. ಆಗ ಬುದೆ ಮೊದಲ ತುತ್ತು ಉಂಡು ರುಚಿ ಹೇಳುತ್ತಾರೆ. ಅರ್ಧ ಸುರಬಾಯಾ ಒಂದೇ ಹೊತ್ತಿಗೆ ಒಂದೇ ಸಾರು ಉಣ್ಣುತ್ತದೆ ಎಂದು ಬಗ್ಯೋ ಜಾಹೀರಾತಿನವರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದ.

ಉಪವಾಸದ ತಿಂಗಳು ಬುದೆಗೆ ಸುಖದ ತಿಂಗಳಾಗಿತ್ತು. ಆಜಾನ್ ತನಕ ಯಾರೂ ರುಚಿ ನೋಡುವುದಿಲ್ಲ. ಊರಿಗೆ ಊರೇ ನಾಲಿಗೆ ಕಟ್ಟಿಕೊಂಡು ಅಡುಗೆ ಮಾಡುತ್ತದೆ, ಅವರಂತೆ. ನಾಲಿಗೆಯ ತುದಿಗೆ ಮುಟ್ಟಿಸಿ ಉಗುಳಿದರೆ ದೋಷವಿಲ್ಲ ಎನ್ನುವವರಿದ್ದಾರೆ. ಆದರೆ ಒಂದು ವರ್ಷ ಹಾಗೆ ಮಾಡಿದ್ದನ್ನು ತೋರಿಸಿದ್ದಕ್ಕೆ ನಲವತ್ತು ದೂರು ಬಂದಿದ್ದವು. ಅಂದಿನಿಂದ ಮುಟ್ಟಾದ ಹೆಂಗಸರಲ್ಲಿ ಯಾರಾದರೂ ಒಬ್ಬರು ಪರದೆಯ ಹಿಂದೆ ರುಚಿ ನೋಡುತ್ತಿದ್ದರು, ಅವರಿಗೆ ಉಪವಾಸವಿಲ್ಲವಲ್ಲ. ಹದಿನೇಳನೆಯ ದಿನ ನಮ್ಮಲ್ಲಿ ಅಂಥವರು ಯಾರೂ ಇರಲಿಲ್ಲ. ತರಕಾರಿ ಹೆಚ್ಚುವವಳು ಹಿಂದಿನ ದಿನವೇ ಸ್ನಾನ ಮಾಡಿ ಉಪವಾಸಕ್ಕೆ ಮರಳಿದ್ದಳು.

ಅಂದಿನ ಅಡುಗೆ ರವೋನ್, ನಮ್ಮೂರಿನ ಕಪ್ಪು ಸಾರು. ದನದ ಮಾಂಸ, ಸಣ್ಣೀರುಳ್ಳಿ, ನಿಂಬೆಹುಲ್ಲು ಎಲ್ಲ ಬೇಕು, ಆದರೆ ಕಪ್ಪು ಬರುವುದು ಕ್ಲುವೆಕ್ ಬೀಜದಿಂದ. ಆ ಮರದ ಹಸಿ ಬೀಜ ವಿಷ, ಸಯನೈಡು. ಬೇಯಿಸಿ, ಬೂದಿಯಲ್ಲಿ ಮುಚ್ಚಿ ನಲವತ್ತು ದಿನ ಮಣ್ಣಲ್ಲಿ ಹೂತಿಟ್ಟರೆ ಒಳಗಿನ ಬಿಳಿ ತಿರುಳು ಕಪ್ಪಾಗಿ, ಮೆತ್ತಗಾಗಿ, ತಿನ್ನಲು ಯೋಗ್ಯವಾಗುತ್ತದೆ. ಎಲ್ಲ ಬೀಜವೂ ಒಂದೇ ಸಮ ಹದವಾಗುವುದಿಲ್ಲ. ಅದಕ್ಕೇ ಸಂತೆಯಲ್ಲಿ ಹೆಂಗಸರು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಲೊಟಗುಟ್ಟಿದರೆ ಮಾತ್ರ ಕೊಳ್ಳುತ್ತಾರೆ. ಮನೆಗೆ ತಂದು ಒಡೆದ ಮೇಲೆ ಮತ್ತೆ ಒಂದು ಚೂರು ನಾಲಿಗೆಗೆ ಇಟ್ಟು ನೋಡುತ್ತಾರೆ. ಕಹಿಯಾಗಿದ್ದರೆ ಎಸೆಯಬೇಕು. ಒಂದು ಕಹಿ ಬೀಜ ಇಡೀ ಪಾತ್ರೆಯನ್ನು ಕೆಡಿಸುತ್ತದೆ.

ಹಿಂದಿನ ಸಂಜೆ ಉಪವಾಸ ಬಿಟ್ಟ ಮೇಲೆ ನಾನು ಹದಿನಾಲ್ಕು ಬೀಜ ಒಡೆದು, ಒಂದೊಂದನ್ನೂ ರುಚಿ ನೋಡಿ, ಎರಡನ್ನು ಎಸೆದು, ಹನ್ನೆರಡನ್ನು ಬಟ್ಟಲಲ್ಲಿ ಮುಚ್ಚಿಟ್ಟಿದ್ದೆ. ಮೇಜಿನ ತುದಿಯಲ್ಲಿ ಒಂದು ಬುಟ್ಟಿ ತುಂಬ ಒಡೆಯದ ಬೀಜಗಳೂ ಇದ್ದವು, ಬರೀ ಅಂದಕ್ಕೆ.

ಅಂದಿನ ಅತಿಥಿ ಪೋನಿರಾ ಎಂಬ ಮುದುಕಿ. ಪ್ರತಿ ವಾರ ಚೀಟಿ ಎತ್ತಿ ಒಬ್ಬ ವೀಕ್ಷಕರನ್ನು ಬುದೆಯ ಜೊತೆ ಉಪವಾಸ ಬಿಡಲು ಕರೆಸುತ್ತಿದ್ದೆವು. ಮೂವತ್ತೆಂಟು ಕೆಜಿಗಿಂತ ಹೆಚ್ಚಿರಲಾರಳು, ಹೊಸ ಬಾಟಿಕ್ ಉಟ್ಟು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಒಂದು ಕಾರ್ಯಕ್ರಮವನ್ನೂ ತಪ್ಪಿಸಿಲ್ಲ ಎಂದು ಮೂರು ಸಲ ಹೇಳಿದಳು.

ಐದು ಗಂಟೆಗೆ ಮುರ್ಸಿಯಾ ಎಂಬ ಹೆಂಗಸು ಫೋನು ಮಾಡಿದಳು. ವಾರಕ್ಕೆರಡು ಸಲ ಫೋನು ಮಾಡುವವಳು, ಬುದೆಯನ್ನು ಕೆಣಕದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ಬುದೆ, ನಿಮಗೇನು, ಯಾರೋ ಆರಿಸಿ ಬಟ್ಟಲಲ್ಲಿ ಇಟ್ಟಿರ್ತಾರೆ. ನಮಗೆ ಆರಿಸಿ ಕೊಡೋರು ಯಾರು? ಆ ಬುಟ್ಟಿಯಿಂದ ಒಂದು ತೆಗೆದು ತೋರಿಸಿ ನೋಡೋಣ."

ಬುದೆ ನಕ್ಕರು. "ನನ್ನನ್ನೇ ಪರೀಕ್ಷೆ ಮಾಡ್ತೀಯಾ? ನಿನ್ನ ಅತ್ತೆ ನಿನಗೆ ಇದನ್ನೂ ಕಲಿಸ್ಲಿಲ್ವಾ?"

"ಅವರು ಸಾರು ಉಣ್ಣೋದು ಮಾತ್ರ ಕಲಿತಿದ್ರು ಬುದೆ."

ಬಗ್ಯೋ ಗಾಜಿನ ಹಿಂದಿನಿಂದ ಕೈ ತಿರುಗಿಸಿದ: ಮಾಡಿ, ಮಾಡಿ, ಚೆನ್ನಾಗಿದೆ. ಬುದೆ ಬುಟ್ಟಿಯಿಂದ ಒಂದು ಬೀಜ ತೆಗೆದು ಮೈಕಿನ ಹತ್ತಿರ ಅಲ್ಲಾಡಿಸಿದರು. ಲೊಟಲೊಟ ಸದ್ದು ಎಲ್ಲರಿಗೂ ಕೇಳಿಸಿತು. ಕಲ್ಲಿನಿಂದ ಒಡೆದರು. ಒಳಗಿನ ತಿರುಳನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಎತ್ತಿ ನನ್ನ ಕಡೆ ನೋಡಿದರು.

ನಾನು ಐದು ಮೀಟರ್ ದೂರದಲ್ಲಿದ್ದೆ. ಅಷ್ಟು ದೂರದಿಂದ ವಾಸನೆ ತಿಳಿಯುವಂತಿರಲಿಲ್ಲ. ಕಂಡದ್ದು ಬಣ್ಣ ಮಾತ್ರ: ಕಪ್ಪು, ಹೊಳಪು, ತೇವ. ಪೆನ್ನು ಕೈಯಲ್ಲಿತ್ತು, ಏನೋ ಗುರುತು ಹಾಕಿಕೊಳ್ಳುತ್ತಿದ್ದೆ. ಅದನ್ನು ಕೈಯಲ್ಲೇ ಇಟ್ಟುಕೊಂಡಿದ್ದರೆ ಬುದೆ ಏನಾದರೊಂದು ನೆಪ ಹೇಳಿ ಬೀಜವನ್ನು ಪಕ್ಕಕ್ಕೆ ಇಡುತ್ತಿದ್ದರು, ಮುರ್ಸಿಯಾ ಇನ್ನೊಂದು ಮಾತು ಚುಚ್ಚುತ್ತಿದ್ದಳು, ಮುಗಿಯುತ್ತಿತ್ತು. ಆದರೆ ಎಲ್ಲ ಕ್ಯಾಮೆರಾಗಳೂ ಅವರ ಮೇಲಿದ್ದವು, ಒಂದೊಂದು ಕ್ಷಣವೂ ತಡವಾಗುತ್ತಿತ್ತು, ಬಗ್ಯೋ ಗಾಜಿಗೆ ಹಣೆ ಹಚ್ಚಿ ನೋಡುತ್ತಿದ್ದ. ನಾನು ಪೆನ್ನನ್ನು ಕಿವಿಗೆ ಸಿಕ್ಕಿಸಿದೆ.

"ನೋಡಿದ್ಯಾ, ಹೀಗಿರಬೇಕು," ಎಂದು ಬುದೆ ಆ ತಿರುಳನ್ನೂ ಅರೆಯುವ ಕಲ್ಲಿಗೆ ಹಾಕಿದರು. ಹದಿಮೂರನೆಯದು.

ಬಣ್ಣ ನೋಡಿ ತೀರ್ಪು ಕೊಡಬಾರದು ಎನ್ನುವುದು ನಮಗೆ ಕಾಲೇಜಿನ ಮೊದಲ ವರ್ಷದಲ್ಲೇ ಹೇಳಿಕೊಟ್ಟ ಮಾತು.

ಐದು ಮೂವತ್ತೈದಕ್ಕೆ ಆಜಾನ್ ಆಯಿತು. ಎಲ್ಲರೂ ನೀರು ಕುಡಿದು, ಒಂದೊಂದು ಖರ್ಜೂರ ತಿಂದರು. ಪ್ರಸಾರ ಮರಳಿದಾಗ ಐದು ನಲವತ್ತು. ಬುದೆ ಪೋನಿರಾಗೆ ಬಡಿಸಿದರು: ಅನ್ನ, ಮೇಲೆ ಕಪ್ಪು ಸಾರು, ಹೆಸರುಕಾಳಿನ ಮೊಳಕೆ, ಉಪ್ಪಿನಲ್ಲಿ ಊರಿಸಿದ ಅರ್ಧ ಮೊಟ್ಟೆ, ಸೀಗಡಿ ಹಪ್ಪಳ. ತಮಗೂ ಬಡಿಸಿಕೊಂಡರು. ನಮಗೆಲ್ಲ ಸಣ್ಣ ಬಟ್ಟಲುಗಳು ಬಂದವು.

ಬುದೆ ಮೊದಲ ಚಮಚ ಬಾಯಿಗಿಟ್ಟು, ನನ್ನತ್ತ ನೋಡಿ, "ಆಹಾ, ಹದವಾಗಿದೆ," ಎಂದರು.

ಪೋನಿರಾ ಒಂದು ಚಮಚ ಉಂಡಳು. ಅವಳ ದವಡೆ ಒಮ್ಮೆ ನಿಂತಿತು. ಮತ್ತೆ ಚಲಿಸಿತು. "ಸೊಗಸಾಗಿದೆ ಬುದೆ," ಎಂದು ಇನ್ನೊಂದು ಚಮಚ ತೆಗೆದುಕೊಂಡಳು. ಮೊದಲ ಕ್ಯಾಮೆರಾದವನು ಎರಡನೆಯವನ ಮುಖ ನೋಡಿದ. ಇಬ್ಬರೂ ತಲೆ ತಗ್ಗಿಸಿ ಉಣ್ಣತೊಡಗಿದರು. ಆಗ ನಾನು ನನ್ನ ಬಟ್ಟಲಿನಿಂದ ಬಾಯಿಗಿಟ್ಟುಕೊಂಡೆ. ಮೊದಲು ಮಾಂಸ, ನಿಂಬೆಹುಲ್ಲು. ಆಮೇಲೆ ನಾಲಿಗೆಯ ಹಿಂಬದಿಯಲ್ಲಿ ಕಹಿ, ಮೆಲ್ಲಗೆ, ಹೋಗದೆ ನಿಲ್ಲುವ ಕಹಿ.

ಗಡಿಯಾರ ನೋಡಿದೆ. ಐದು ನಲವತ್ತೊಂದು.

ಆ ಸ್ಟುಡಿಯೋದಲ್ಲಿ ಹನ್ನೊಂದು ಜನರಿದ್ದೆವು. ಹತ್ತು ಜನರಿಗೆ ಕಹಿ ಗೊತ್ತಾಗಿತ್ತು. ಯಾರೂ ಚಮಚ ಕೆಳಗಿಡಲಿಲ್ಲ. ಇದು ಹೆದರಿಕೆಯಲ್ಲ, ದಾಕ್ಷಿಣ್ಯ. ಹಿರಿಯರೊಬ್ಬರು ಸಂತೋಷದಿಂದ ಉಣ್ಣುತ್ತಿರುವಾಗ ಅವರ ಕೈಯಡುಗೆ ಕಹಿಯೆಂದು ಎಲ್ಲರೆದುರು ಹೇಳುವ ಬಾಯಿ ನಮ್ಮಲ್ಲಿ ಬೆಳೆದಿಲ್ಲ. ನನ್ನ ತಾಯಿ ಒಮ್ಮೆ ಮದುವೆಯೊಂದರಲ್ಲಿ ಹಳಸಿದ ತೆಂಗಿನ ಹಾಲಿನ ಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಂಡು ಉಂಡು, ಮನೆಗೆ ಬಂದು ಎರಡು ದಿನ ಮಲಗಿದ್ದಳು.

ಆದರೆ ನನ್ನದು ದಾಕ್ಷಿಣ್ಯವಾಗಿರಲಿಲ್ಲ. ನಾನು ಲೆಕ್ಕ ಹಾಕುತ್ತಿದ್ದೆ. ಸಾರು ಆರು ಲೀಟರು. ಕೆಟ್ಟ ಬೀಜ ಒಂದು, ತಿರುಳು ಹೆಚ್ಚೆಂದರೆ ಎಂಟು ಗ್ರಾಂ. ಕಪ್ಪಾಗಿದ್ದರಿಂದ ಪೂರ್ತಿ ಹಸಿಯಲ್ಲ. ಅರ್ಧ ಗಂಟೆ ಮುಚ್ಚಳ ತೆಗೆದು ಕುದಿದಿದೆ, ವಿಷ ಆವಿಯಾಗುವಂಥದ್ದು, ಬಹುಪಾಲು ಹೋಗಿರುತ್ತದೆ. ಒಂದು ಬಟ್ಟಲಿನಲ್ಲಿ ಕಾಲು ಲೀಟರು. ಮೂವತ್ತೆಂಟು ಕೆಜಿಯ ಮುದುಕಿಗೆ ಒಂದು ಬಟ್ಟಲು ಏನೂ ಮಾಡುವುದಿಲ್ಲ. ಎರಡಾದರೂ ಇಲ್ಲ. ಲೆಕ್ಕವನ್ನು ಮೊದಲಿನಿಂದ ಇನ್ನೊಮ್ಮೆ ಮಾಡಿದೆ. ಉತ್ತರ ಅದೇ ಬಂತು. ಹಾಗಾದರೆ ಸುಮ್ಮನಿದ್ದರೆ ಆಗುವ ನಷ್ಟ ಒಂದಿಷ್ಟು ಕಹಿ, ಬಾಯಿ ತೆರೆದರೆ ಆಗುವ ನಷ್ಟ ಬುದೆಯ ಹತ್ತೊಂಬತ್ತು ವರ್ಷ. ಫೋನಿನಲ್ಲಿ ಜನ ತಮ್ಮ ತಮ್ಮ ಮನೆಯ ಸಾರು ಹೇಗಾಯಿತೆಂದು ಹೇಳುತ್ತಿದ್ದರು. ಬುದೆ ಉಣ್ಣುತ್ತಾ, ನಗುತ್ತಾ ಉತ್ತರ ಕೊಡುತ್ತಿದ್ದರು. ಪೋನಿರಾ ಬಟ್ಟಲನ್ನು ಖಾಲಿ ಮಾಡಿದಳು, ಹಣೆಯ ಮೇಲೆ ಬೆವರಿತ್ತು.

ಆಮೇಲೆ ಅವಳು ಕೈಚೀಲದಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದಳು, ನಾಚುತ್ತಾ.

"ತಪ್ಪು ತಿಳೀಬೇಡಿ ಬುದೆ. ಸೊಸೆ ಬಸುರಿ, ನಾಲ್ಕು ತಿಂಗಳು. ನಿಮ್ಮ ಕೈಯ ರವೋನ್ ತಿನ್ನೋ ಬಯಕೆ ಅವಳಿಗೆ. ಸ್ವಲ್ಪ ಕಟ್ಟಿಕೊಡ್ತೀರಾ?"

ಬಯಕೆಗೆ ಇಲ್ಲವೆನ್ನುವವರುಂಟೆ? ಬುದೆ ಸೌಟು ತೆಗೆದುಕೊಂಡು ತಳದಿಂದ, ಗಟ್ಟಿಯಾದ್ದನ್ನೇ ತುಂಬತೊಡಗಿದರು. ಒಂದು, ಎರಡು, ಮೂರು ಸೌಟು. ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳ ಭ್ರೂಣಕ್ಕೆ ಎಷ್ಟು ಎಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ನಾನು ಕ್ಯಾಮೆರಾದ ಮುಂದೆ ನಡೆದು ಹೋಗಿ ಬುದೆಯ ಕೈಯಿಂದ ಚೀಲ ತೆಗೆದುಕೊಂಡೆ. ಗಡಿಯಾರದಲ್ಲಿ ಐದು ನಲವತ್ತೈದು.

ಬುದೆ ನನ್ನ ಮುಖವನ್ನು, ಆಮೇಲೆ ಕಿವಿಯನ್ನು ನೋಡಿದರು. ಪೆನ್ನು ಅಲ್ಲೇ ಇತ್ತು.

"ಕಹಿಯಾ ರುಮ್?"

"ಹೌದು ಬುದೆ."

ಅವರು ಪೋನಿರಾ ಕಡೆ ತಿರುಗಿದರು. "ನಿಮಗೆ ಗೊತ್ತಾಗಿತ್ತಾ ಅಕ್ಕ?"

ಪೋನಿರಾ ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೆಂಗೆ ಹೇಳ್ಲಿ. ನೀವು ಅಷ್ಟು ಖುಷಿಯಾಗಿ ಉಣ್ತಿದ್ರಲ್ಲ."

ಬುದೆ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟರು, ಯಾವಾಗಲೂ ಇಡುವ ಹಾಗೆ. ಸೆರಗಿನಂತೆ ಹೆಗಲ ಮೇಲಿದ್ದ ಶಾಲನ್ನು ಸರಿಮಾಡಿಕೊಂಡು ಮೊದಲ ಕ್ಯಾಮೆರಾದ ಕಡೆ ನಿಂತರು. ದನಿ ಪಾಕ ಹೇಳುವಾಗಿನ ದನಿಯೇ ಆಗಿತ್ತು. "ಇವತ್ತು ನಾನು ಬುಟ್ಟಿಯಿಂದ ತೆಗೆದ ಬೀಜ ಕೆಟ್ಟಿತ್ತು. ಈ ಸಾರು ಉಣ್ಣಬಾರದು. ನಿಮ್ಮ ಮನೇದು ಕಹಿ ಅನ್ನಿಸಿದ್ರೆ ಚೆಲ್ಲಿಬಿಡಿ, ಮಕ್ಕಳಿಗೆ, ಬಸುರಿಯರಿಗೆ ಕೊಡಬೇಡಿ. ನನಗೆ ಹದಿನಾಲ್ಕು ತಿಂಗಳಿಂದ ವಾಸನೆ ಇಲ್ಲ, ರುಚಿ ಇಲ್ಲ. ನೀವು ನನ್ನ ನಾಲಿಗೆ ನಂಬಿ ಅಡುಗೆ ಮಾಡಿದ್ರಿ. ಅದು ಇರಲಿಲ್ಲ."

ಬಗ್ಯೋ ಜಾಹೀರಾತು ಹಾಕಿದ. ಫೋನಿನ ದೀಪಗಳೆಲ್ಲ ಒಟ್ಟಿಗೆ ಉರಿಯುತ್ತಿದ್ದವು. ಯಾರೂ ಎತ್ತಲಿಲ್ಲ.

ಪೋನಿರಾಳನ್ನು ಆಸ್ಪತ್ರೆಗೆ ಕರೆದೊಯ್ದು ನಾಲ್ಕು ಗಂಟೆ ಕೂರಿಸಿಕೊಂಡರು. ಏನೂ ಆಗಿರಲಿಲ್ಲ. ಕ್ಯಾಮೆರಾದವರಿಗೂ, ಬುದೆಗೂ ಏನೂ ಆಗಲಿಲ್ಲ. ನನ್ನ ಲೆಕ್ಕ ಸರಿಯಾಗಿತ್ತು. ಹದಿನೆಂಟನೆಯ ದಿನದಿಂದ ಹಳೆಯ ಸಂಚಿಕೆಗಳನ್ನು ಹಾಕಿದರು, ಇಪ್ಪತ್ತೆರಡರಿಂದ ಆ ಗಂಡ-ಹೆಂಡತಿ ಬಂದರು. ಅವರು ಫೋನು ಕರೆ ತೆಗೆದುಕೊಳ್ಳುವುದಿಲ್ಲ. ಜನ ಬರೆದು ಕಳಿಸಿದ್ದು ಪರದೆಯ ಕೆಳಗೆ ಓಡುತ್ತದೆ. ನನ್ನ ಕೆಲಸ ಉಳಿಯಿತು. ಸಮಯಕ್ಕೆ ಸರಿಯಾಗಿ ತಡೆದವಳು ಎಂದು ಬಗ್ಯೋ ಮೇಲಿನವರಿಗೆ ಹೇಳಿದನಂತೆ. ಎರಡು ವಾರ ಕಾಗದಗಳು ಬಂದವು. ಕಹಿ ಸಾರಿಗೆ ಬೈದವರು ಕಡಿಮೆ. ಹೆಚ್ಚಿನವರು ಕೇಳಿದ್ದು ಒಂದೇ: ಹದಿನಾಲ್ಕು ತಿಂಗಳು ಆಹಾ ಎಂದದ್ದೆಲ್ಲ ಏನು?

ಹಬ್ಬದ ಎರಡನೆಯ ದಿನ ನಾನು ಬುದೆಯ ಮನೆಗೆ ಹೋದೆ. ಹಿರಿಯರ ಮುಂದೆ ಮಂಡಿಯೂರಿ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುವ ದಿನಗಳವು. ಬೇರೆ ವರ್ಷ ಅವರ ಬಾಗಿಲಲ್ಲಿ ಚಪ್ಪಲಿ ಇಡಲು ಜಾಗವಿರುತ್ತಿರಲಿಲ್ಲ. ಅಂದು ಎರಡು ಜೊತೆ ಇದ್ದವು. ಬಿಸ್ಕತ್ತಿನ ಜಾಡಿಗಳು ಮುಚ್ಚಳ ತೆಗೆಯದೆ ಸಾಲಾಗಿ ನಿಂತಿದ್ದವು. ನಾನು ಮಂಡಿಯೂರಿ, ಅವರ ಕೈಯನ್ನು ಹಣೆಗೆ ಒತ್ತಿಕೊಂಡು, ಒಳಗಿನ ತಪ್ಪನ್ನೂ ಹೊರಗಿನ ತಪ್ಪನ್ನೂ ಮನ್ನಿಸಿ ಎಂದೆ. ನನ್ನನ್ನೂ ಮನ್ನಿಸು ಮಗೂ ಎಂದರು. ಎಲ್ಲರಿಗೂ ಎಲ್ಲರೂ ಹೇಳುವ ಮಾತು ಅದು. ಮುಂದೆ ಕೂತಿದ್ದ ನೆರೆಮನೆಯವರಿಗೂ ಅದನ್ನೇ ಹೇಳಿದ್ದರು.

ನೆರೆಮನೆಯವರು ಹೋದ ಮೇಲೆ ಬುದೆ ಚಹಾ ಸುರಿದರು. ತಮ್ಮ ಲೋಟಕ್ಕೆ ಸಕ್ಕರೆ ಹಾಕಿಕೊಳ್ಳಲಿಲ್ಲ. ದಂಡ ಯಾಕೆ ಎಂದುಕೊಂಡಿರಬೇಕು.

"ಬೀಜ ಒಡೆದಾಗ ನೀನು ದೂರ ಇದ್ದೆ. ಅದು ಯಾರಿಗೂ ಆಗೋ ತಪ್ಪು," ಎಂದರು. "ನಾನು ಕೇಳೋದು ಆಮೇಲಿಂದು. ಪ್ರತಿ ಚಮಚಕ್ಕೂ ನಿನ್ನ ಕಡೆ ನೋಡ್ತಿದ್ದೆ. ನೀನು ಬಟ್ಟಲು ಬಾಯಿಗಿಟ್ಟಿದ್ದನ್ನೂ ನೋಡಿದೆ. ಪೆನ್ನು ಕಿವಿಯಲ್ಲೇ ಇತ್ತು. ಆ ಮುದುಕಿ ನನ್ನ ಎದುರು ಕೂತು ಉಣ್ತಿದ್ಲು. ನಾಲ್ಕು ನಿಮಿಷ. ಏನು ಮಾಡ್ತಿದ್ದೆ ರುಮ್?"

ನಿಮ್ಮನ್ನು ಉಳಿಸಲು ನೋಡುತ್ತಿದ್ದೆ ಎನ್ನಬಹುದಿತ್ತು. ಅದು ಸುಳ್ಳೂ ಆಗಿರಲಿಲ್ಲ.

"ಲೆಕ್ಕ ಹಾಕ್ತಿದ್ದೆ ಬುದೆ. ಎಷ್ಟು ತಿಂದ್ರೆ ಏನಾಗತ್ತೆ ಅಂತ."

"ಸರಿ ಬಂತಾ?"

"ಬಂತು."

ಅವರು ತಲೆಯಾಡಿಸಿದರು. ನಾನು ತಂದಿದ್ದ, ಎಲೆಯಲ್ಲಿ ಕಟ್ಟಿ ಬೇಯಿಸಿದ ಅನ್ನದ ಡಬ್ಬಿಯನ್ನು ತೆರೆದು, ಒಂದು ತುಂಡು ಬಾಯಿಗಿಟ್ಟು, ಅಗಿದು ನುಂಗಿದರು. ಹೇಗಿದೆ ಎಂದು ಹೇಳಲಿಲ್ಲ. ಮುಚ್ಚಳ ಮುಚ್ಚಿ ಡಬ್ಬಿಯನ್ನು ನನ್ನ ಕಡೆಗೆ ಸರಿಸಿ, ಬಾಗಿಲ ತನಕ ಬಂದು ಕಳಿಸಿಕೊಟ್ಟರು.